ಅವನೇ ಅಂತೆ

ನಮ್ಮ ಮನೆಯಲ್ಲಿ ಒಂದು ಕೋವಿ ಇತ್ತು. ತೋಟಕ್ಕೆ ನುಗ್ಗುವ ಮಂಗ, ಹಂದಿ ಓಡಿಸೋಕೆ ಅಂತ ಅಜ್ಜನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ಒಂಟಿ ನಳಿಗೆಯದು. ವರ್ಷಕ್ಕೆ ನಾಲ್ಕು ಸಲ ಹೊರಗೆ ಬಂದರೆ ಜಾಸ್ತಿ. ಚುನಾವಣೆ ಬಂದಾಗ ಮಾತ್ರ ಊರಿನ ಉಳಿದ ಕೋವಿಗಳ ಜೊತೆ ಠಾಣೆಗೆ ಹೋಗಿ ಒಂದೆರಡು ತಿಂಗಳು ಕೂತು ಬರುತ್ತಿತ್ತು.

ನಾನು ಪಿಯುಸಿ ಓದುತ್ತಿದ್ದ ವರ್ಷ. ಅಡಿಕೆ ಕೊಯ್ಲಿನ ಸಮಯ, ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಹಿಂದಿನ ವಾರವಷ್ಟೇ ಕೆಳಗಿನ ಮನೆಯವರ ಎರಡು ಚೀಲ ಅಡಿಕೆ ಕಳುವಾಗಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಮಾತು. ಅಪ್ಪಯ್ಯ ಮದುವೆಗೆ ಅಂತ ಶಿವಮೊಗ್ಗಕ್ಕೆ ಹೋಗಿದ್ದರು. ರಾತ್ರಿ ಒಂದು ಗಂಟೆ ಇರಬೇಕು, ಅಂಗಳದಲ್ಲಿ ಏನೋ ಸರಿದ ಸದ್ದು. ಚಿಕ್ಕಮ್ಮ ಒಳಗಿಂದಲೇ "ಯಾರೋ ಇದ್ದ ಹಾಗಿದೆ ಕಣೋ" ಅಂದರು. ನಾನು ಕೋವಿ ತೆಗೆದುಕೊಂಡು ಜಗುಲಿಗೆ ಬಂದೆ. ಅಂಗಳದ ಆ ತುದಿಯಲ್ಲಿ ಒಬ್ಬ ಬಗ್ಗಿಕೊಂಡು ಏನೋ ಎಳೆಯುತ್ತಿದ್ದ. ಪಕ್ಕದಲ್ಲಿ ಉದ್ದದ್ದೇನೋ ಒರಗಿಸಿದ್ದ. ನಾಯಿ ಬೊಗಳಲಿಲ್ಲ. ಮನೆಯವರಾದರೆ ಮಾತ್ರ ನಮ್ಮ ನಾಯಿ ಸುಮ್ಮನಿರುತ್ತಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹೊತ್ತಿಗೆ ತಲೆಗೆ ಹೊಳೆದದ್ದೇ ಬೇರೆ: ಕಳ್ಳರು ನಾಯಿಗೆ ಮದ್ದು ಹಾಕಿದ್ದಾರೆ.

ಟ್ರಿಗರ್ ಎಳೆದೆ. ಟಕ್ ಅಂತು, ಅಷ್ಟೇ.

ತೋಟಾಗಳನ್ನು ಅಪ್ಪಯ್ಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋಗಿದ್ದರು. ಕೋವಿಯಲ್ಲಿ ತೋಟಾ ಇದೆಯೋ ಇಲ್ಲವೋ ಅಂತಲೂ ನಾನು ನೋಡಿರಲಿಲ್ಲ. ಅಂಗಳದಲ್ಲಿದ್ದದ್ದು ಚಿಕ್ಕಪ್ಪ. ಮೋಡ ಕಟ್ಟಿ ಎರಡು ಹನಿ ಬಿದ್ದದ್ದಕ್ಕೆ ಎದ್ದು ಅಡಿಕೆ ಮೇಲೆ ಟಾರ್ಪಾಲು ಎಳೆಯುತ್ತಿದ್ದರು. ಒರಗಿಸಿದ್ದು ದೋಟಿ. ಈ ಟಕ್ ಅನ್ನೋ ಸದ್ದಿನ ವಿಷಯ ಇವತ್ತಿಗೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕಪ್ಪ ಈಗ ಇಲ್ಲ, ಹೇಳಿಕೊಳ್ಳೋದಕ್ಕೆ ಧೈರ್ಯ ಬಂದದ್ದು ಅದಕ್ಕೇ ಇರಬೇಕು.

ಆವತ್ತು ತೋಟಾ ಇದ್ದಿದ್ದರೆ? ಕೋರ್ಟಿನಲ್ಲಿ ನಿಂತು "ಕಳ್ಳ ಅಂತ ನಿಜವಾಗಿ ನಂಬಿದ್ದೆ ಸ್ವಾಮಿ" ಅಂತಿದ್ದೆ. ಅದು ಸುಳ್ಳೂ ಆಗಿರುತ್ತಿರಲಿಲ್ಲ. ತಪ್ಪು ತಿಳಿದು ಪೊಲೀಸರು ಯಾರನ್ನಾದರೂ ಕೊಂದ ಸುದ್ದಿ ಓದುವಾಗೆಲ್ಲ ನನಗೆ ಆ ನಾಯಿ ನೆನಪಾಗುತ್ತದೆ. ನಂಬಿಕೆ ಬಲವಾಗಿ ಕೂತ ಮೇಲೆ ಅದಕ್ಕೆ ವಿರುದ್ಧವಾಗಿ ಇರೋ ಸಾಕ್ಷಿಯನ್ನೂ ಅದು ತನ್ನ ಕಡೆಗೇ ಎಳೆದುಕೊಂಡುಬಿಡುತ್ತದೆ.

ಹತ್ತು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಏಳು ತಿಂಗಳು ಲಂಡನ್ನಿನಲ್ಲಿದ್ದೆ. ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದೆ. ಸ್ಟೇಷನ್ ಹೊರಗಡೆ ಗೋಡೆಯಲ್ಲಿ ಚಿಕ್ಕ ಚಿಕ್ಕ ಬಣ್ಣದ ಚೂರುಗಳನ್ನು ಅಂಟಿಸಿ ಮಾಡಿದ ಒಬ್ಬ ಯುವಕನ ಮುಖ ಇದೆ. ಮೊದಮೊದಲು ಯಾರೋ ಸ್ಥಳೀಯ ಗಾಯಕ ಇರಬೇಕು ಅಂದುಕೊಂಡಿದ್ದೆ. ಅವನ ಹೆಸರು ಜೀನ್ ಚಾರ್ಲ್ಸ್ ಡಿ ಮೆನೆಜಸ್. ಬ್ರೆಜಿಲ್‌ನವನು, 27 ವರ್ಷ, ಎಲೆಕ್ಟ್ರೀಷಿಯನ್. 2005ರ ಜುಲೈ 22ರಂದು ಅದೇ ಸ್ಟೇಷನ್ನಿನಲ್ಲಿ, ನಿಂತಿದ್ದ ರೈಲಿನ ಒಳಗೆ, ಪೊಲೀಸರು ಅವನ ತಲೆಗೆ ಏಳು ಗುಂಡು ಹೊಡೆದರು. ಒಂದು ಭುಜಕ್ಕೂ ಬಿತ್ತು.

ಹಿನ್ನೆಲೆ ಗೊತ್ತಿರಬೇಕು. ಜುಲೈ 7ರಂದು ಲಂಡನ್ನಿನ ರೈಲು, ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತಿದ್ದರು. ಜುಲೈ 21ಕ್ಕೆ ಮತ್ತೆ ನಾಲ್ಕು ಬಾಂಬ್, ಯಾವುದೂ ಸರಿಯಾಗಿ ಸಿಡಿಯಲಿಲ್ಲ, ಇಟ್ಟವರು ಓಡಿಹೋದರು. ಸಿಕ್ಕ ಒಂದು ಬ್ಯಾಗಿನಲ್ಲಿ ಜಿಮ್ ಕಾರ್ಡ್ ಇತ್ತು, ಅದರ ಜಾಡು ಹಿಡಿದು ಪೊಲೀಸರು ಟಲ್ಸ್ ಹಿಲ್ ಕಡೆಯ ಒಂದು ಫ್ಲ್ಯಾಟ್ ಕಟ್ಟಡ ಕಾಯಲು ನಿಂತರು. ಶಂಕಿತನಿದ್ದ ಕಟ್ಟಡದಲ್ಲೇ ಡಿ ಮೆನೆಜಸ್ ಕೂಡ ಇದ್ದ. ಎರಡೂ ಮನೆಗೆ ಕೆಳಗಿನ ಬಾಗಿಲು ಒಂದೇ.

ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಅವನು ಕೆಲಸಕ್ಕೆ ಹೊರಟ. ವ್ಯಾನಿನಲ್ಲಿ ಕೂತು ಆ ಬಾಗಿಲನ್ನೇ ನೋಡುತ್ತಿದ್ದ ಕಾವಲಿನವನು ಸರಿಯಾಗಿ ಅದೇ ಹೊತ್ತಿಗೆ ಮೂತ್ರ ಮಾಡುತ್ತಿದ್ದ. ಕೈಯಲ್ಲಿ ವಿಡಿಯೊ ಕ್ಯಾಮೆರಾ ಆನ್ ಮಾಡೋಕೆ ಆಗಲಿಲ್ಲ. ಬೇರೆಯವರೂ ಒಂದು ಸಲ ನೋಡಿದರೆ ಒಳ್ಳೆಯದು ಅನ್ನೋ ಅರ್ಥದಲ್ಲಿ ಸಂದೇಶ ಕೊಟ್ಟ, ಅಷ್ಟೇ. ಡಿ ಮೆನೆಜಸ್ 2ನೇ ನಂಬರ್ ಬಸ್ ಹತ್ತಿದ. ಬ್ರಿಕ್ಸ್ಟನ್‌ನಲ್ಲಿ ಇಳಿದು ನೋಡಿದರೆ ಸ್ಟೇಷನ್ ಮುಚ್ಚಿದೆ. ವಾಪಸ್ ಅದೇ ಬಸ್ ಹತ್ತಿದ. ನಾನೂ ನೀವೂ ಮಾಡೋದು ಅದನ್ನೇ ಅಲ್ವಾ? ಆದರೆ ಹಿಂದೆ ಬರುತ್ತಿದ್ದವರಲ್ಲಿ ಕೆಲವರಿಗೆ ಅದು ಪೊಲೀಸರ ಕಣ್ಣು ತಪ್ಪಿಸುವ ತಂತ್ರದಂತೆ ಕಂಡಿತು. ನಮ್ಮ ನಾಯಿ ಬೊಗಳದೇ ಇದ್ದದ್ದು ನನಗೆ ಮದ್ದಿನ ಲಕ್ಷಣವಾಗಿ ಕಂಡ ಹಾಗೆ.

ಸ್ಟಾಕ್‌ವೆಲ್‌ನಲ್ಲಿ ಇಳಿದ, ಪುಕ್ಕಟೆ ಸಿಗುವ ಪೇಪರ್ ಒಂದನ್ನು ಎತ್ತಿಕೊಂಡ, ಕಾರ್ಡ್ ತೋರಿಸಿ ಗೇಟು ದಾಟಿದ, ಕೆಳಗೆ ಹೋಗಿ ರೈಲಿನಲ್ಲಿ ಕೂತ. ಗೇಟು ಹಾರಿ ಓಡಿದ, ದಪ್ಪ ಜಾಕೆಟ್ ಹಾಕಿದ್ದ ಅಂತೆಲ್ಲ ಮೊದಲ ದಿನಗಳಲ್ಲಿ ಹಬ್ಬಿದ್ದು ಸುಳ್ಳು. ಹಾಕಿದ್ದು ತೆಳು ಡೆನಿಮ್ ಜಾಕೆಟ್. ರೈಲಿನೊಳಗೆ ಕಾವಲಿನ ಒಬ್ಬ ಪೊಲೀಸ್ ಅವನನ್ನು ತೋಳಿನ ಸಮೇತ ತಬ್ಬಿ ಹಿಡಿದುಬಿಟ್ಟಿದ್ದ. ಹಿಡಿದಿರುವಾಗಲೇ ಶಸ್ತ್ರಧಾರಿಗಳು ಹೊಡೆದರು.

ಹೊಡೆದವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಎದುರಿಗಿರುವವನು ಬಾಂಬ್ ಕಟ್ಟಿಕೊಂಡಿದ್ದಾನೆ, ಒಂದು ಸೆಕೆಂಡ್ ತಡವಾದರೆ ಇಡೀ ಬೋಗಿ ಹೋಗುತ್ತದೆ ಅಂತ ಅವರು ನಿಜವಾಗಿ ನಂಬಿದ್ದರು ಅಂತಲೇ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಕ್ರಿಮಿನಲ್ ಕಾನೂನು ಕೇಳುವುದೂ ಅಷ್ಟನ್ನೇ. ಇದರ ಮೂಲದಲ್ಲಿ ಒಂದು ಜಮೈಕಾದ ಕೇಸಿದೆ, ಬೆಕ್‌ಫರ್ಡ್ ಅನ್ನುವ ಪೊಲೀಸಿನವನದ್ದು. ಒಬ್ಬ ಬಂದೂಕು ಹಿಡಿದು ಮನೆಯವರನ್ನು ಹೆದರಿಸುತ್ತಿದ್ದಾನೆ ಅಂತ ಕರೆ ಬಂತು, ಹೋದರು, ಹಿಂಬಾಗಿಲಿನಿಂದ ಓಡಿದವನ ಮೇಲೆ ಗುಂಡು ಹಾರಿಸಿದರು. ಅವನ ಹತ್ತಿರ ಬಂದೂಕಿರಲಿಲ್ಲ ಅನ್ನೋದು ಸರ್ಕಾರಿ ವಕೀಲರ ವಾದ. ಕೊಲೆ ಅಂತ ಶಿಕ್ಷೆಯಾಗಿತ್ತು. ಜಮೈಕಾದ ಕೇಸುಗಳ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ 1980ರ ದಶಕದಲ್ಲಿ ಅದನ್ನು ರದ್ದು ಮಾಡಿತು. ಕಾರಣ, ಕೆಳಗಿನ ಕೋರ್ಟು ಜ್ಯೂರಿಗೆ "ನಂಬಿಕೆಗೆ ಸರಿಯಾದ ಆಧಾರ ಇರಬೇಕು" ಅಂತ ಹೇಳಿತ್ತು. ಆಧಾರ ಬೇಕಿಲ್ಲ, ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಕು ಅಂತಾಯಿತು. ಆಧಾರವೇ ಇಲ್ಲದಿದ್ದರೆ ನಂಬಿದ್ದೆ ಅನ್ನೋದೇ ಸುಳ್ಳಿರಬಹುದು ಅಂತ ಜ್ಯೂರಿ ಯೋಚಿಸಬಹುದು, ಆದರೆ ನಂಬಿದ್ದ ಅಂತ ಖಾತ್ರಿಯಾದರೆ ಮುಗಿಯಿತು.

ಡಿ ಮೆನೆಜಸ್ ಪ್ರಕರಣದಲ್ಲಿ ಒಬ್ಬೇ ಒಬ್ಬ ಪೊಲೀಸಿನ ಮೇಲೂ ಕೊಲೆ ಕೇಸು ನಡೆಯಲಿಲ್ಲ. 2007ರಲ್ಲಿ ಲಂಡನ್ ಪೊಲೀಸ್ ಇಲಾಖೆಗೆ ಶಿಕ್ಷೆಯಾಯಿತು. ಯಾವ ಕಾಯ್ದೆಯಲ್ಲಿ ಗೊತ್ತಾ? ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆಯ ಕಾಯ್ದೆಯಲ್ಲಿ. ಕಾರ್ಖಾನೆಯಲ್ಲಿ ಕಬ್ಬಿಣದ ತೊಲೆ ಬಿದ್ದು ಯಾರಾದರೂ ಸತ್ತರೆ ಹಾಕ್ತಾರಲ್ಲ, ಅದು. 1,75,000 ಪೌಂಡ್ ದಂಡ. ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು, ಇದೇನು ತಮಾಷೆನಾ ಅಂತ. ಈಗ ಯೋಚಿಸಿದರೆ ಇಡೀ ಪ್ರಕರಣದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಆ ಒಂದು ಕೇಸೇ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಸೋದರಮಾವ ಪೊಲೀಸ್ ಇಲಾಖೆಯಲ್ಲಿದ್ದು ಎಎಸ್‌ಐ ಆಗಿ ನಿವೃತ್ತರಾದವರು. ಇಂಥ ವಿಷಯ ಎತ್ತಿದರೆ ಮೊದಲು ಉರಿದುಬೀಳುತ್ತಾರೆ. "ಎಸಿ ರೂಮಲ್ಲಿ ಕೂತು ಮಾತಾಡ್ತೀಯ ಮಾರಾಯ. ರಾತ್ರಿ ಎರಡು ಗಂಟೆಗೆ ನಾಕಾಬಂದಿಯಲ್ಲಿ ನಿಂತು ನೋಡು, ಬರೋ ಗಾಡಿಯೆಲ್ಲ ಯಮನ ಗಾಡಿ ಥರಾನೇ ಕಾಣುತ್ತೆ." ಅದೂ ನಿಜವೇ. ಒಂದು ಸಲ ಕಾಫಿ ಕುಡಿಯುತ್ತಾ ಅವರೇ ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. ವೈರ್‌ಲೆಸ್‌ನಲ್ಲಿ ಮೊದಲು ಬರುವುದು "ಆ ಗಾಡೀಲಿ ಇರಬಹುದು ಅಂತ ಮಾಹಿತಿ" ಅಂತ. ಇನ್ನೊಂದು ಠಾಣೆ ದಾಟುವಾಗ "ಇದ್ದಾನಂತೆ". ಅಲ್ಲಿಂದ ಜೀಪಿನಲ್ಲಿ ನಿಂತವನ ಕಿವಿಗೆ ಬೀಳುವ ಹೊತ್ತಿಗೆ "ಇದಾನೆ, ಬರ್ತಾ ಇದಾನೆ". ಯಾರೂ ಸುಳ್ಳು ಹೇಳಿಲ್ಲ. ದಾರಿಯಲ್ಲಿ ಎಲ್ಲೋ ಒಂದು "ಅಂತೆ" ಬಿದ್ದುಹೋಗಿದೆ.

ನಮ್ಮ ಭಾಷೆಯಲ್ಲಿ ಎಂಥ ಉಪಯೋಗದ ಪದ ನೋಡಿ ಅದು. ನಾನು ಕಂಡಿಲ್ಲ, ಕೇಳಿದ್ದು, ಜವಾಬ್ದಾರಿ ನನ್ನದಲ್ಲ, ಇಷ್ಟನ್ನೂ ಎರಡಕ್ಷರದಲ್ಲಿ ಹೇಳಿ ಮುಗಿಸುತ್ತೇವೆ. ಅಂತೆ-ಕಂತೆ ಅಂತ ಹೀಗಳೆಯುತ್ತೇವೆ, ಆದರೆ ಅದು ಬಿದ್ದುಹೋದಾಗಲೇ ಅಪಾಯ. ಸ್ಟಾಕ್‌ವೆಲ್‌ನಲ್ಲಿ ಆದದ್ದು ಇದೇ. ಇನ್ನೊಬ್ಬರು ನೋಡಿದರೆ ಒಳ್ಳೆಯದು ಅಂತ ಶುರುವಾದದ್ದು ಅರ್ಧ ಗಂಟೆಯೊಳಗೆ ಅವನೇ ಅಂತ ಆಗಿ ಶಸ್ತ್ರಧಾರಿಯ ಕಿವಿ ತಲುಪಿತು. ಟ್ರಿಗರ್ ಎಳೆದವನ ಎದೆ ಬಗೆದು ನೋಡಿದರೆ ಅಲ್ಲಿ ಪ್ರಾಮಾಣಿಕ ನಂಬಿಕೆಯೇ ಸಿಗುತ್ತದೆ. ಆದರೆ ಅದು ಅವನ ನಂಬಿಕೆಯೇ ಅಲ್ಲವಲ್ಲ! ಬೇರೆಯವರು ಬೇಯಿಸಿ ಬಡಿಸಿದ್ದು. ಕಟ್ಟಡದಿಂದ ಹೊರಗೆ ಬರುವ ಪ್ರತಿಯೊಬ್ಬರನ್ನೂ ಬಸ್ಸು ರೈಲು ಹತ್ತುವ ಮೊದಲೇ ತಡೆದು ವಿಚಾರಿಸಬೇಕು ಅಂತ ಬೆಳಗಿನ ಜಾವವೇ ತೀರ್ಮಾನವಾಗಿತ್ತು. ಶಸ್ತ್ರಧಾರಿ ತಂಡ ಮಾತ್ರ ಸಮಯಕ್ಕೆ ಅಲ್ಲಿಗೆ ಬಂದಿರಲೇ ಇಲ್ಲ. ಆರೋಗ್ಯ-ಸುರಕ್ಷತೆ ಕಾಯ್ದೆಯ ಕೇಸು ಬೆದಕಿದ್ದು ಇದನ್ನೇ. ಅಡುಗೆ ಯಾರು ಮಾಡಿದರು, ಯಾರು ರುಚಿ ನೋಡಲಿಲ್ಲ ಅನ್ನೋದನ್ನು.

2008ರ ಸಾವಿನ ವಿಚಾರಣೆಯಲ್ಲಿ ಜ್ಯೂರಿಗೆ "ಕಾನೂನುಬಾಹಿರ ಕೊಲೆ" ಅನ್ನುವ ತೀರ್ಪು ಕೊಡುವ ಅವಕಾಶವನ್ನೇ ಇಡಲಿಲ್ಲ. ಆದರೂ ಆ ಜ್ಯೂರಿ ಒಂದು ಕೆಲಸ ಮಾಡಿತು. "ಸಶಸ್ತ್ರ ಪೊಲೀಸ್" ಅಂತ ಕೂಗಿದೆವು ಅಂತ ಪೊಲೀಸರು ಹೇಳಿದ್ದನ್ನು ನಂಬಲಿಲ್ಲ. ಡಿ ಮೆನೆಜಸ್ ಎದ್ದು ತಮ್ಮ ಕಡೆಗೆ ನುಗ್ಗಿಬಂದ ಅನ್ನೋದನ್ನೂ ನಂಬಲಿಲ್ಲ, ಎದ್ದು ನಿಂತದ್ದಷ್ಟೇ ನಿಜ ಅಂದಿತು. ಕೊನೆಗೆ 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು, 13 ನ್ಯಾಯಾಧೀಶರು ಒಂದು ಕಡೆ, 4 ಜನ ಇನ್ನೊಂದು ಕಡೆ, ಇಂಗ್ಲೆಂಡಿನ ಪದ್ಧತಿಯಲ್ಲಿ ತಪ್ಪಿಲ್ಲ ಅಂತ ಮುಗಿಸಿತು.

ಅಮೆರಿಕದಲ್ಲಿ ಅಳತೆ ಬೇರೆ. ಅಲ್ಲಿ ಆ ಜಾಗದಲ್ಲಿ ನಿಂತ ಒಬ್ಬ ಸಮಂಜಸ ಪೊಲೀಸ್ ಹಾಗೆ ನಂಬುತ್ತಿದ್ದನಾ ಅಂತ ಕೇಳುತ್ತಾರೆ. ಕೇಳೋಕೆ ಬಿಗಿಯಾಗಿದೆ. ಆದರೂ 1999ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮಾದು ಡಿಯಾಲೊ ಪರ್ಸ್ ತೆಗೆದದ್ದು ಪಿಸ್ತೂಲ್ ಥರ ಕಂಡು ನಾಲ್ವರು 41 ಗುಂಡು ಹಾರಿಸಿದರು, 19 ತಗುಲಿದವು, ನಾಲ್ವರೂ ಖುಲಾಸೆ. ಕೊನೆಯ ಎರಡು ಸೆಕೆಂಡನ್ನು ಮಾತ್ರ ಕತ್ತರಿಸಿ ತೆಗೆದು ನೋಡಬೇಡಿ, ಹಿಂದಿನದ್ದನ್ನೂ ನೋಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2025ರ ಮೇ ತಿಂಗಳಲ್ಲಿ, ಟೋಲ್ ಕಟ್ಟದ ಕಾರೊಂದನ್ನು ತಡೆದಾಗ ಆದ ಸಾವಿನ ಕೇಸಲ್ಲಿ.

ಸರಿ, ನಮ್ಮ ದೇಶಕ್ಕೆ ಬರೋಣ. ನಮ್ಮ ಕಾನೂನು ಇವೆರಡಕ್ಕಿಂತ ವಿಚಿತ್ರವಾಗಿ ಚೆನ್ನಾಗಿದೆ, ಕಾಗದದ ಮೇಲಾದರೂ. ಹಳೆ ದಂಡ ಸಂಹಿತೆಯ 79ನೇ ಸೆಕ್ಷನ್, ಈಗ ನ್ಯಾಯ ಸಂಹಿತೆಯಲ್ಲಿ 17. ಸಂಗತಿಯನ್ನು ತಪ್ಪು ತಿಳಿದು, ಸದ್ಭಾವನೆಯಿಂದ, ಕಾನೂನು ತನಗೆ ಇದಕ್ಕೆ ಒಪ್ಪಿಗೆ ಕೊಟ್ಟಿದೆ ಅಂತ ನಂಬಿ ಮಾಡಿದ್ದು ಅಪರಾಧವಲ್ಲ. ಆದರೆ ಈ "ಸದ್ಭಾವನೆ"ಗೆ ಅರ್ಥ ಒಳ್ಳೆ ಮನಸ್ಸು ಅಂತಲ್ಲ. ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು, ನಂಬಿದ್ದು ಯಾವುದೂ ಸದ್ಭಾವನೆ ಆಗಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಹೆಚ್ಚುಕಮ್ಮಿ ಅದೇ.

ಈ ಸೆಕ್ಷನ್ನಿಗೆ ಕಾನೂನು ಕಾಲೇಜಿನಲ್ಲಿ ಹೇಳಿಕೊಡುವ ಒಂದು ದೆವ್ವದ ಕಥೆ ಇದೆ. ಕಥೆಯಲ್ಲ, ಒಡಿಶಾ ಹೈಕೋರ್ಟಿನ ತೀರ್ಪು, 1960ರ ಕಾನೂನು ವರದಿಯಲ್ಲಿದೆ. ರಸಗೋವಿಂದಪುರ ಅನ್ನುವ ಊರಿನಲ್ಲಿ ಪಾಳುಬಿದ್ದ ಒಂದು ವಿಮಾನ ನಿಲ್ದಾಣ. ಅಲ್ಲಿನ ಗುಜರಿ ಕೊಳ್ಳಲು ಕಲ್ಕತ್ತೆಯ ವ್ಯಾಪಾರಿ ತನ್ನ ನೇಪಾಳಿ ಆಳಿನ ಜೊತೆ ಬಂದಿದ್ದ. ಆ ಬಯಲಲ್ಲಿ ದೆವ್ವ ಓಡಾಡುತ್ತವಂತೆ ಅಂತ ಊರವರು. ಒಂದು ರಾತ್ರಿ ದೂರದಲ್ಲಿ ಬೆಳಕು ಮಿಣುಕುತ್ತಿತ್ತು, ಅದರ ಸುತ್ತ ಆಕೃತಿಗಳು. ಆಳು ಖುಕ್ರಿ ಹಿಡಿದು ಒಂದೇ ಉಸಿರಿಗೆ ಓಡಿ ಹೋಗಿ ಕಡಿದ. ನೋಡಿದರೆ ಹಿಪ್ಪೆ ಹೂ ಆರಿಸಲು ಲಾಟೀನು ಹಿಡಿದು ಬಂದಿದ್ದ ಆದಿವಾಸಿ ಹೆಂಗಸರು. ಒಬ್ಬಾಕೆ ಸತ್ತಳು. ಕೋರ್ಟು ಅವನನ್ನು ಬಿಟ್ಟಿತು. ಇನ್ನೂ ಹೆಚ್ಚು ಎಚ್ಚರ ವಹಿಸಿದ್ದರೆ ತಪ್ಪುತ್ತಿತ್ತು ಅನ್ನೋದೊಂದೇ ಅವನಿಗೆ ರಕ್ಷಣೆ ಇಲ್ಲ ಅನ್ನೋಕೆ ಸಾಲದು ಅಂತ.

ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆ ಅಂತಲ್ಲ. ಹೂ ಆರಿಸಲು ಹೋದವಳು ಮನೆಗೆ ಬರಲಿಲ್ಲ. ಆದರೂ ಆ ಆಳಿಗೆ ತರಬೇತಿ ಇರಲಿಲ್ಲ, ವೈರ್‌ಲೆಸ್ ಇರಲಿಲ್ಲ, ಮೇಲಧಿಕಾರಿ ಇರಲಿಲ್ಲ, ಸರ್ಕಾರ ಕೊಟ್ಟ ಬಂದೂಕೂ ಇರಲಿಲ್ಲ. ಅವನ ಎಚ್ಚರವನ್ನು ಅಳೆಯುವ ಕೋಲೇ ಪೊಲೀಸರಿಗೆ ಸಾಕಾಗುತ್ತದಾ?

ಸಾಲದು ಅಂತ ತೋರಿಸಿದ್ದು ದೆಹಲಿಯ ಕೇಸು. 1997ರ ಮಾರ್ಚ್ 31, ಸೋಮವಾರ, ಮಧ್ಯಾಹ್ನ. ಕನಾಟ್ ಪ್ಲೇಸ್ ಹತ್ತಿರ ಬಾರಾಖಂಬಾ ರಸ್ತೆ. ದೆಹಲಿ ಕ್ರೈಂ ಬ್ರ್ಯಾಂಚಿನ ತಂಡವೊಂದು ಯಾಸೀನ್ ಅನ್ನುವ ಉತ್ತರ ಪ್ರದೇಶದ ಗ್ಯಾಂಗ್‌ಸ್ಟರ್‌ನ ಬೆನ್ನು ಬಿದ್ದಿತ್ತು. ಪಟ್ಪರ್‌ಗಂಜ್ ಕಡೆಯಲ್ಲಿ ಒಂದು ನೀಲಿ ಮಾರುತಿ ಎಸ್ಟೀಮ್ ಕಂಡಿತು, ಉತ್ತರ ಪ್ರದೇಶದ ನಂಬರು. ಒಳಗಿದ್ದ ಒಬ್ಬ ಯಾಸೀನ್ ಥರ ಕಂಡ. ಇನ್‌ಸ್ಪೆಕ್ಟರ್ ಹಿಂಬಾಲಿಸಿದ, ಎಸಿಪಿ ಎಸ್.ಎಸ್. ರಾಠಿಗೆ ತಿಳಿಸಿದ, ಇನ್ನಷ್ಟು ಜನ ಬಂದರು. ಕೆಂಪು ದೀಪಕ್ಕೆ ಕಾರು ನಿಂತಿತು. ಸುತ್ತುವರಿದರು. ನಡುಹಗಲು, ಸುತ್ತ ಬ್ಯಾಂಕು, ಆಫೀಸು, ಟ್ರಾಫಿಕ್ಕು. ಗುಂಡಿನ ಮಳೆ. ಇಬ್ಬರು ಸತ್ತರು. ಮೂರನೆಯವನು ಗಾಯಗೊಂಡು ಬದುಕಿದ. ಸತ್ತವರು ವ್ಯಾಪಾರಿಗಳು. ಯಾಸೀನ್ ಆ ಕಾರಿನಲ್ಲಿ ಇರಲೇ ಇಲ್ಲ.

ಮೊದಲು ಒಳಗಿನಿಂದಲೇ ಗುಂಡು ಬಂತು, ನಾವು ಆಮೇಲೆ ಹೊಡೆದೆವು ಅಂತ ಪೊಲೀಸರು ಹೇಳಿದರು. ಕಾರಿನಲ್ಲಿ ಪಿಸ್ತೂಲೂ ಸಿಕ್ಕಿತು! ಬದುಕಿದ್ದ ಮೂರನೆಯವನು ಬಂದು ನಮ್ಮ ಹತ್ತಿರ ಆಯುಧ ಇರಲಿಲ್ಲ ಅಂತ ಸಾಕ್ಷಿ ಹೇಳಿದ. ಪಿಸ್ತೂಲು ಆಮೇಲೆ ತಂದಿಟ್ಟದ್ದು ಅಂತ ಕೋರ್ಟಿಗೆ ಮನದಟ್ಟಾಯಿತು. ಆಗಿನ ಪೊಲೀಸ್ ಕಮಿಷನರ್ ಕುರ್ಚಿ ಬೇಗನೆ ಹೋಯಿತು, ಕೇಸು ಮಾತ್ರ ಹತ್ತು ವರ್ಷ ಎಳೆಯಿತು. 2007ರ ಅಕ್ಟೋಬರಿನಲ್ಲಿ ಹತ್ತೂ ಪೊಲೀಸರಿಗೆ ಜೀವಾವಧಿ. 2009ರಲ್ಲಿ ಹೈಕೋರ್ಟು, 2011ರ ಮೇ 2ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದವು.

ಸುಪ್ರೀಂ ಕೋರ್ಟಿನಲ್ಲಿ ಅವರು ಹಿಡಿದದ್ದು ಇದೇ 79ನೇ ಸೆಕ್ಷನ್ನಿನ ಬಾಲವನ್ನು. ಯಾಸೀನ್ ಅಂತ ನಿಜವಾಗಿ ನಂಬಿದ್ದೆವು, ಅಂತ. ಜೊತೆಗೆ ಇನ್ನೊಂದು ವಾದ: ಸರ್ಕಾರಿ ನೌಕರ ಕರ್ತವ್ಯದಲ್ಲಿ ಸದ್ಭಾವನೆಯಿಂದ ಅಧಿಕಾರ ಮೀರಿ ಹೋದರೆ ಅದು ಕೊಲೆಯಾಗದೆ ಅದಕ್ಕಿಂತ ಕಡಿಮೆ ಅಪರಾಧವಾಗುತ್ತದೆ ಅಂತ 300ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ, ಅದಾದರೂ ಕೊಡಿ ಅಂತ. ಎರಡೂ ನಿಲ್ಲಲಿಲ್ಲ. ಒಳಗಿನಿಂದ ಗುಂಡು ಬಂತು ಅನ್ನೋದೇ ಸುಳ್ಳಾದ ಮೇಲೆ ಸದ್ಭಾವನೆಗೆ ನಿಲ್ಲೋಕೆ ಜಾಗ ಎಲ್ಲಿದೆ?

ಆ ಪಿಸ್ತೂಲನ್ನೇ ಸ್ವಲ್ಪ ಯೋಚಿಸಿ. ಅದನ್ನು ಯಾಕೆ ಇಡಬೇಕಾಯಿತು? ಒಳಗಿರೋನು ಯಾಸೀನ್ ಅಂತ ನಂಬಿದ್ದರು, ಆ ಭಾಗ ನಿಜವೇ ಇರಬಹುದು, ಇಲ್ಲದಿದ್ದರೆ ಗುರುತೇ ಇಲ್ಲದ ವ್ಯಾಪಾರಿಗಳನ್ನು ಕೊಲ್ಲೋಕೆ ಅವರಿಗೇನು ಹುಚ್ಚಾ. ಆದರೆ ಯಾಸೀನ್ ಆಗಿದ್ದರೂ, ಸಿಗ್ನಲ್ಲಿನಲ್ಲಿ ಕಾರಿನೊಳಗೆ ಸುಮ್ನೆ ಕೂತಿರುವ ಯಾಸೀನನನ್ನು ಕೊಲ್ಲುವಂತಿಲ್ಲ ಅಂತ ಅವರಿಗೇ ಗೊತ್ತಿತ್ತು. ಅದಕ್ಕೇ ಪಿಸ್ತೂಲು ಬೇಕಾಯಿತು. ಸತ್ತವನು ಯಾಸೀನೇ ಆಗಿದ್ದರೂ ಆ ಪಿಸ್ತೂಲು ಬೇಕಾಗುತ್ತಿತ್ತು.

ನನ್ನ ವಾದ ಇಷ್ಟೇ. "ತಪ್ಪು ನಂಬಿಕೆ" ಅಂದಾಗ ನಾವು ಎರಡು ಬೇರೆ ವಿಷಯ ಕಲಸಿಬಿಡುತ್ತೇವೆ. ಇವನು ಯಾರು ಅನ್ನುವ ನಂಬಿಕೆ ಒಂದು. ಇವನು ಈಗ ಏನು ಮಾಡಲಿದ್ದಾನೆ ಅನ್ನುವುದು ಇನ್ನೊಂದು. ಕೊಲ್ಲುವ ಹಕ್ಕೇನಾದರೂ ಬಂದರೆ ಅದು ಎರಡನೆಯದರಿಂದ. ಕೊಲೆ ಆರೋಪಿಯೊಬ್ಬ ಬಂಧನಕ್ಕೆ ತಿರುಗಿಬಿದ್ದರೆ ಬಲ ಬಳಸಲು ಪೊಲೀಸರಿಗೆ ಅವಕಾಶ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ತಿರುಗಿಬೀಳೋಕೂ ಮೊದಲು ನಿನ್ನನ್ನು ಬಂಧಿಸುತ್ತಿದ್ದೇವೆ ಅಂತ ಅವನಿಗೆ ಗೊತ್ತಾಗಬೇಕಲ್ಲ? ಲಂಡನ್ನಿನಲ್ಲಿ ಇವನು ಯಾರು ಅನ್ನುವುದರಲ್ಲೇ ಇವನೇನು ಮಾಡುತ್ತಾನೆ ಅನ್ನುವುದೂ ಸೇರಿಹೋಗಿತ್ತು, ಯಾಕೆಂದರೆ ಹುಡುಕುತ್ತಿದ್ದದ್ದು ಮೈಗೆ ಬಾಂಬ್ ಕಟ್ಟಿಕೊಳ್ಳುವವನನ್ನು. ಹಾಗಾಗಿ ಅಲ್ಲಿ ಟ್ರಿಗರ್ ಎಳೆದವನ ಬಗ್ಗೆ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ. ದೆಹಲಿಯಲ್ಲಿ ಹಾಗಿರಲಿಲ್ಲ. ಅಲ್ಲಿ ಗುರುತು ತಪ್ಪಿದ್ದು ಆಕಸ್ಮಿಕ, ಹೊಡೆದದ್ದು ಆಕಸ್ಮಿಕವಲ್ಲ.

ಯಾಸೀನೇ ಸತ್ತಿದ್ದರೆ ಈ ಕೇಸಿನ ಹೆಸರೂ ನಾವು ಕೇಳುತ್ತಿರಲಿಲ್ಲ. ಇದನ್ನು ಬರೆಯೋಕೆ ನನಗೇ ಮುಜುಗರ, ಯಾಕೆಂದರೆ 2019ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ ಅತ್ಯಾಚಾರ-ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತು, ಜನ ಪೊಲೀಸರ ಮೇಲೆ ಹೂವು ಎರಚಿದಾಗ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ಹಾಕಿದವರಲ್ಲಿ ನಾನೂ ಒಬ್ಬ. 2022ರಲ್ಲಿ, ಸುಪ್ರೀಂ ಕೋರ್ಟು ಅದರ ತನಿಖೆಗೆ ನೇಮಿಸಿದ್ದ ಸಿರ್ಪುರ್‌ಕರ್ ಆಯೋಗ ಅದು ಸಾಯಿಸಬೇಕು ಅಂತಲೇ ಹಾರಿಸಿದ ಗುಂಡು ಅಂದಿತು. ಆ ವರದಿ ಬಂದ ದಿನ ನಮ್ಮ ಗ್ರೂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ನಾನೂ ಹಾಕಲಿಲ್ಲ. ನಮ್ಮ ಪೇಪರುಗಳಲ್ಲಿ ವಾರಕ್ಕೊಮ್ಮೆ ಬರುತ್ತದಲ್ಲ, ಸ್ಥಳ ಮಹಜರು ವೇಳೆ ಹಲ್ಲೆ, ಆತ್ಮರಕ್ಷಣೆಗೆ ಗುಂಡು, ಆರೋಪಿ ಕಾಲಿಗೆ ಏಟು ಅಂತ. ಅದನ್ನೂ ಓದಿ ಪುಟ ತಿರುಗಿಸುತ್ತೇವೆ.

ನಂಬಿದ್ದೆವು ಅನ್ನುವ ಮಾತು ಖಾಕಿಯವರಿಗೆ ಮಾತ್ರ ಮೀಸಲೂ ಅಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದ್ ಕಡೆಯಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕಲೇಟ್ ಕೊಟ್ಟರು ಅಂತ ಮಕ್ಕಳ ಕಳ್ಳರು ಅಂದುಕೊಂಡು ಜನ ಬಡಿದರು. ಒಬ್ಬ ಸತ್ತ. ಬಡಿದವರಲ್ಲಿ ಬಹುತೇಕರು ಆ ಕ್ಷಣದಲ್ಲಿ ಮನಸಾರೆ ನಂಬಿದ್ದರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆ ನಂಬಿಕೆ ಬಂದದ್ದು ವಾಟ್ಸಾಪಿನಿಂದ, ಅಲ್ಲೂ ಅಂತೆ ಬಿದ್ದುಹೋಗಿತ್ತು. ಆ ಯುವಕರನ್ನು ಬಿಡಿಸೋಕೆ ಹೋಗಿ ಪೆಟ್ಟು ತಿಂದವರೂ ಪೊಲೀಸರೇ. ಗುಂಪಿನ ಪ್ರಾಮಾಣಿಕ ನಂಬಿಕೆಯನ್ನು ನಾವು ಯಾರೂ ಕ್ಷಮಿಸಲ್ಲ. ತರಬೇತಿ, ಸಂಬಳ, ಬಂದೂಕು ಎಲ್ಲ ಕೊಟ್ಟು ಕಳಿಸಿದವನಿಗೆ ಮಾತ್ರ ಅದಕ್ಕಿಂತ ಸಡಿಲ ಅಳತೆ ಯಾಕೆ ಅಂತ ನನಗೆ ಅರ್ಥವಾಗಿಲ್ಲ.

ನಾಗಾಲ್ಯಾಂಡಿನ ಓಟಿಂಗ್‌ನದ್ದು ಸೇನೆಯ ವಿಷಯ, ಪೊಲೀಸರದ್ದಲ್ಲ, ಆದರೂ ಒಂದು ಮಾತು. 2021ರ ಡಿಸೆಂಬರ್ 4ರಂದು ಕಲ್ಲಿದ್ದಲು ಗಣಿ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಬರುತ್ತಿದ್ದ ಎಂಟು ಜನರಲ್ಲಿ ಆರು ಜನ ಉಗ್ರರು ಅನ್ನುವ ತಪ್ಪು ತಿಳಿವಳಿಕೆಗೆ ಸತ್ತರು. ಗುರುತು ತಪ್ಪಿತು ಅಂತ ಸಂಸತ್ತಿನಲ್ಲೇ ಹೇಳಿದರು. ರಾಜ್ಯದ ತನಿಖಾ ತಂಡ 30 ಜನರ ಮೇಲೆ ಆರೋಪಪಟ್ಟಿ ಹಾಕಿತು. ಕೇಂದ್ರ ಅನುಮತಿ ಕೊಡಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ಆ ಕೇಸು ಮುಚ್ಚಿತು. ನಂಬಿಕೆ ಪ್ರಾಮಾಣಿಕವೋ, ಎಚ್ಚರಿಕೆ ಸಾಕಿತ್ತೋ, ಯಾವ ಪ್ರಶ್ನೆಯೂ ಸಾಕ್ಷಿಕಟ್ಟೆಯವರೆಗೆ ಹೋಗಲೇ ಇಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಮಾವನಿಗೆ ಸ್ಟಾಕ್‌ವೆಲ್ ಕಥೆಯನ್ನು ಉದ್ದಕ್ಕೆ ಹೇಳಿದೆ. ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ಕೇಳಿದರು. ಮೂತ್ರ ಮಾಡುತ್ತಿದ್ದ ಕಾವಲಿನವನ ಭಾಗ ಬಂದಾಗ ನಕ್ಕರು. "ಅದು ಎಲ್ಲ ಕಡೆನೂ ಅಷ್ಟೇ ಮಾರಾಯ, ಹನ್ನೆರಡು ಗಂಟೆ ಕಾದರೂ ಬರದವನು ಆ ಒಂದು ನಿಮಿಷಕ್ಕೇ ಬರೋದು." ಮತ್ತೆ ಸುಮಾರು ಹೊತ್ತು ಮಾತಾಡಲಿಲ್ಲ.

"ಆವತ್ತು ಕಂಟ್ರೋಲ್ ರೂಮಲ್ಲಿ ಕೂತು ನಡೆಸಿದ್ದು ಯಾರು?" ಅಂತ ಆಮೇಲೆ ಕೇಳಿದರು.

ಕ್ರೆಸಿಡಾ ಡಿಕ್ ಅನ್ನುವ ಅಧಿಕಾರಿ ಅಂದೆ. ವೈಯಕ್ತಿಕವಾಗಿ ಆಕೆಯ ತಪ್ಪೇನೂ ಇಲ್ಲ ಅಂತ 2007ರ ಜ್ಯೂರಿ ಹೇಳಿದ್ದನ್ನೂ ಹೇಳಿದೆ.

"ಆಮೇಲೆ ಏನಾದಳು?"

"2017ರಲ್ಲಿ ಲಂಡನ್ ಪೊಲೀಸ್ ಕಮಿಷನರ್."

ಮಾವ ಅಡಕತ್ತರಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಮತ್ತೆ ಆ ವ್ಯಾನಲ್ಲಿ ಇದ್ದವನು?"

ಅದು ನನಗೆ ಗೊತ್ತಿರಲಿಲ್ಲ.